ನಲವತ್ತೇಳರ ನಂತರವೂ ಕೋಡ್ ಬರೆಯುತ್ತಲೇ ಇರಬೇಕು: ಊರಲ್ಲಿದ್ದುಕೊಂಡು ಇದು ಸಾಧ್ಯವೇ?

ನಾಪೋಕ್ಲು ನಿವಾಸಿ

ಎಲ್ಲರಿಗೂ ನಮಸ್ಕಾರ. ನನಗೆ 47 ವರ್ಷ. ಬೆಂಗಳೂರಿನ ಒಂದು ಸೇವಾ ಕಂಪನಿಯಲ್ಲಿ ಪಾವತಿ ವ್ಯವಸ್ಥೆಗಳ ಸರ್ವರ್ ಬದಿಯ ಕೆಲಸ. ಸಿ ಮತ್ತು ಸಿ++ನಿಂದ ಶುರುವಾಗಿ ಜಾವಾಕ್ಕೆ ಬಂದವನು. ಕೋವಿಡ್ ಕಾಲದಲ್ಲಿ ಊರಿಗೆ ಮರಳಿದೆ. ಆಗಾಗ ಕಚೇರಿಗೆ ಹೋಗಿ ಬರುತ್ತೇನೆ, ಉಳಿದಂತೆ ಇಲ್ಲಿಂದಲೇ ಕೆಲಸ ನಡೆಯುತ್ತಿದೆ.

ಹೋದ ವಾರದ ಮೌಲ್ಯಮಾಪನ ಸಭೆಯಲ್ಲಿ ಮೇಲಿನವರು ನೇರವಾಗಿಯೇ ಹೇಳಿದರು: ಡೆಲಿವರಿ ಮ್ಯಾನೇಜರ್ ಹುದ್ದೆ ಒಪ್ಪಿಕೊಳ್ಳಿ, ಇಲ್ಲವಾದರೆ ನಿಮ್ಮ ಸಂಬಳಕ್ಕೆ ಸರಿಹೊಂದುವ ತಾಂತ್ರಿಕ ಹುದ್ದೆ ನಮ್ಮಲ್ಲಿ ಇಲ್ಲ.

ಮ್ಯಾನೇಜರ್ ಕೆಲಸ ಕೀಳು ಎಂದು ನಾನು ಹೇಳುತ್ತಿಲ್ಲ. ಒಳ್ಳೆಯ ಮ್ಯಾನೇಜರ್ ಕೈಕೆಳಗೆ ದುಡಿದವನಿಗೆ ಅದರ ಬೆಲೆ ಗೊತ್ತು. ಆದರೆ ದಿನವಿಡೀ ಸಭೆ, ಸಂಜೆ ಎಕ್ಸೆಲ್ ಹಾಳೆ, ಯಾರಿಗೆ ಯಾವಾಗ ರಜೆ ಎಂಬ ಲೆಕ್ಕ, ಇವುಗಳಲ್ಲಿ ನನ್ನ ಮನಸ್ಸು ನಿಲ್ಲುವುದಿಲ್ಲ. ಒಂದು ವಹಿವಾಟು ಅರ್ಧಕ್ಕೆ ನಿಂತಾಗ ಗ್ರಾಹಕನ ಹಣ ಎಲ್ಲಿ ಸಿಕ್ಕಿಕೊಂಡಿತು ಎಂದು ಲಾಗ್ (ಯಂತ್ರದ ದಾಖಲೆ) ಹಿಡಿದು ಹುಡುಕುವುದರಲ್ಲಿರುವ ಖುಷಿ ನನಗೆ ಬೇರೆ ಯಾವುದರಲ್ಲೂ ಸಿಕ್ಕಿಲ್ಲ.

ಮನೆಯಲ್ಲಿ ಅಮ್ಮ ಇದ್ದಾರೆ. ಮಗಳು ದ್ವಿತೀಯ ಪಿಯುಸಿ. ಸ್ವಲ್ಪ ರೋಬಸ್ಟಾ ಕಾಫಿ, ಮರಗಳಿಗೆ ಹಬ್ಬಿಸಿದ ಮೆಣಸು ಇದೆ. ನಿವೃತ್ತಿಯವರೆಗೂ ಕೋಡ್ ಬರೆಯುತ್ತಿರಲು ದಾರಿ ಉಂಟೇ? ಆ ದಾರಿಯಲ್ಲಿ ನಡೆದವರು ಇದ್ದರೆ ಹೇಳಿ. ಸಮಾಧಾನದ ಮಾತು ಬೇಡ, ಇದ್ದದ್ದನ್ನು ಇದ್ದ ಹಾಗೆ ಹೇಳಿ.

ಗೋಣಿಕೊಪ್ಪದ ಹಳಬ

ಖಂಡಿತ ಉಂಟು. ಬ್ರಯಾನ್ ಕೆರ್ನಿಘನ್ 1942ರಲ್ಲಿ ಹುಟ್ಟಿದವರು. 2022ರಲ್ಲಿ, 80ನೆಯ ವಯಸ್ಸಿನಲ್ಲಿ, ತಾವೇ ಗೆಳೆಯರೊಂದಿಗೆ ಕಟ್ಟಿದ್ದ ಆಕ್ ಎಂಬ ಪ್ರೋಗ್ರಾಮಿಂಗ್ ಭಾಷೆಗೆ ಯೂನಿಕೋಡ್ (ಎಲ್ಲ ಲಿಪಿಗಳ ಅಕ್ಷರ ಸಂಕೇತ) ಬೆಂಬಲ ಬರೆದು ಸೇರಿಸಿದರು. ಯೂನಿಕ್ಸ್ ಕಟ್ಟಿದವರಲ್ಲೊಬ್ಬರಾದ ಕೆನ್ ಥಾಂಪ್ಸನ್ 1943ರವರು. ಗೋ ಭಾಷೆಯನ್ನು ರೂಪಿಸಿದ ಮೂವರಲ್ಲಿ ಒಬ್ಬರು, ಅದು 2009ರಲ್ಲಿ ಹೊರಬಂದಾಗ ಅವರಿಗೆ 66. ನಿಮಗೆ 47 ಎಂದರೆ ಇನ್ನೂ ಅರ್ಧ ದಾರಿ.

ನಾನು ಮೇನ್‌ಫ್ರೇಮ್‌ನಲ್ಲಿ ಕೋಬಾಲ್ ಬರೆದವನು. ನಿವೃತ್ತಿಯಾದ ಮೇಲೂ ಹಳೆಯ ಬ್ಯಾಂಕ್ ವ್ಯವಸ್ಥೆಯೊಂದರ ಕೆಲಸಕ್ಕೆ ಗುತ್ತಿಗೆಯ ಮೇಲೆ ಕರೆಯುತ್ತಲೇ ಇದ್ದಾರೆ. ಕೋಬಾಲ್ 1959ರಲ್ಲಿ ರೂಪುಗೊಂಡ ಭಾಷೆ. ಅದು ಸತ್ತಿತು ಎಂಬ ಮಾತನ್ನು ನಾನು ತರಬೇತಿಯ ದಿನಗಳಿಂದಲೂ ಕೇಳುತ್ತಿದ್ದೇನೆ, ಈಗಲೂ ಬಡ್ಡಿ ಲೆಕ್ಕ ಹಾಕುತ್ತಿದೆ.

ಮೂರ್ನಾಡು ರಸ್ತೆ

ಹಳಬರೇ, ಗೌರವದಿಂದಲೇ ಹೇಳುತ್ತೇನೆ, ಕೆರ್ನಿಘನ್ ಮತ್ತು ಥಾಂಪ್ಸನ್ ಹೆಸರು ತೆಗೆದು ಉಪಯೋಗವಿಲ್ಲ. ಅವರು ಕೆಲಸ ಕೇಳಿಕೊಂಡು ಯಾರ ಬಾಗಿಲಿಗೂ ಹೋಗಬೇಕಾಗಿಲ್ಲ. ನಾಪೋಕ್ಲು ಅವರ ಕಷ್ಟ ವಯಸ್ಸಿನದ್ದಲ್ಲ, ಕಂಪನಿಯ ವ್ಯಾಪಾರ ನಡೆಯುವ ಬಗೆಯದ್ದು.

ಸೇವಾ ಕಂಪನಿ ಮಾರುವುದು ತಾಸುಗಳನ್ನು. ಗ್ರಾಹಕರಿಗೆ ಒಬ್ಬರ ತಾಸಿಗೆ ಇಷ್ಟು ಎಂದು ಬಿಲ್ ಹಾಕುತ್ತದೆ. ಎರಡು ವರ್ಷದ ಅನುಭವಿಗೂ ಇಪ್ಪತ್ತೈದು ವರ್ಷದ ಅನುಭವಿಗೂ ಬಿಲ್‌ನಲ್ಲಿರುವ ಅಂತರ ಕಡಿಮೆ, ಸಂಬಳದಲ್ಲಿರುವ ಅಂತರ ಬಹಳ ಹೆಚ್ಚು. ಹಾಗಾಗಿ ಕೆಳಗೆ ಹೊಸಬರು ತುಂಬಿರಬೇಕು, ಮೇಲೆ ಹೋದಂತೆ ತಲೆಗಳು ಕಡಿಮೆಯಾಗಬೇಕು, ಮೇಲಿದ್ದವರು ಹಲವರ ತಾಸುಗಳನ್ನು ನೋಡಿಕೊಳ್ಳಬೇಕು. ಒಬ್ಬರೇ ಕುಳಿತು ಕೋಡ್ ಬರೆಯುವ ಹಿರಿಯರಿಗೆ ಆ ಲೆಕ್ಕದಲ್ಲಿ ಜಾಗವೇ ಇರುವುದಿಲ್ಲ. ನಿಮ್ಮ ಮೇಲಿನವರು ಹೇಳಿದ್ದು ಕೆಟ್ಟತನದಿಂದಲ್ಲ, ಅಲ್ಲಿ ನಿಜಕ್ಕೂ ಆ ಹುದ್ದೆ ಇಲ್ಲ. ಅಲ್ಲೇ ಉಳಿದು ಹೋರಾಡಬೇಡಿ. ತಾನೇ ಉತ್ಪನ್ನ ಮಾಡಿ ಮಾರುವ ಕಂಪನಿಗೆ ಹೋಗಿ, ಅಥವಾ ವಿದೇಶಿ ಕಂಪನಿಗಳು ಇಲ್ಲಿ ನಡೆಸುವ ಸ್ವಂತ ಕೇಂದ್ರಗಳನ್ನು ನೋಡಿ. ಅಲ್ಲಿ ತಾಂತ್ರಿಕ ಏಣಿ ಬೇರೆಯೇ ಇರುತ್ತದೆ: ಸ್ಟಾಫ್ ಎಂಜಿನಿಯರ್, ಪ್ರಿನ್ಸಿಪಲ್ ಎಂಜಿನಿಯರ್. ಮ್ಯಾನೇಜರ್ ಸಂಬಳವೇ ಸಿಗುತ್ತದೆ, ಮೇಲ್ವಿಚಾರಣೆಯ ಹೊರೆ ಇಲ್ಲ.

ಕಕ್ಕಬ್ಬೆ ಕಡೆಯವ

ಮ್ಯಾನೇಜರ್ ಆಗಿಬಿಡಿ. ಮಗಳ ಓದು ಮುಗಿಯಲಿ, ಆಮೇಲೆ ಏನು ಬೇಕಾದರೂ ಮಾಡಬಹುದು.

ಸೋಮವಾರಪೇಟೆ ಅಕ್ಕ

ಕಕ್ಕಬ್ಬೆಯವರೇ, ಅದೇ ಅಪಾಯ. ಐದು ವರ್ಷ ಕೋಡ್ ಮುಟ್ಟದೆ ಮ್ಯಾನೇಜರ್ ಆಗಿದ್ದು 52ಕ್ಕೆ ಹೊರಬಂದರೆ ಕೋಡ್ ಬರೆಯುವ ಕೆಲಸ ಯಾರು ಕೊಡುತ್ತಾರೆ? ಮಧ್ಯಮ ಹಂತದ ಮ್ಯಾನೇಜರ್‌ಗಳನ್ನೇ ಕಂಪನಿಗಳು ಮೊದಲು ಕಡಿಮೆ ಮಾಡುವುದನ್ನು ನನ್ನ ಪರಿಚಿತರಲ್ಲೇ ನೋಡಿದ್ದೇನೆ. ಸುಭದ್ರ ಎಂದು ಒಪ್ಪಿಕೊಂಡ ಹುದ್ದೆಯೇ ಅವರಿಗೆ ಮುಳುವಾಯಿತು.

ನಾನು ಮಕ್ಕಳಿಗಾಗಿ ಕೆಲಸ ಬಿಟ್ಟು, ನಲವತ್ತು ದಾಟಿದ ಮೇಲೆ ಮತ್ತೆ ಸೇರಿದವಳು. ಸಂದರ್ಶನದಲ್ಲಿ ಹುಡುಗನೊಬ್ಬ ಬೈನರಿ ಟ್ರೀ ತಿರುಗಿಸಿ ತೋರಿಸಿ ಎಂದಾಗ ಬೇಸರವಾಗಿತ್ತು. ಆದರೂ ಕೂತು ಅಭ್ಯಾಸ ಮಾಡಿದೆ. ಆ ಬಗೆಯ ಪರೀಕ್ಷೆ ಸರಿಯೋ ತಪ್ಪೋ ಎಂಬ ವಾದ ಬೇರೆ, ಬಾಗಿಲು ಅದೇ ಆಗಿದ್ದರೆ ಅದರ ಮೂಲಕವೇ ಹೋಗಬೇಕು. ಈಗ ಕಾರ್ಯಕ್ಷಮತೆಯ ಕೆಲಸ: ಡೇಟಾಬೇಸಿನ ಯಾವ ಕ್ವೆರಿ ನಿಧಾನ, ಯಾವ ಇಂಡೆಕ್ಸ್ ತಪ್ಪಾಗಿದೆ, ಯಾವ ಲಾಕ್ ಯಾರನ್ನು ಕಾಯಿಸುತ್ತಿದೆ. ತಂಡದಲ್ಲಿ ಎಲ್ಲರಿಗಿಂತ ಹಿರಿಯಳು ನಾನೇ.

ಮೂರ್ನಾಡು ಅಣ್ಣ ಹೇಳಿದ ಸ್ಟಾಫ್, ಪ್ರಿನ್ಸಿಪಲ್ ಹುದ್ದೆಗಳ ಬಗ್ಗೆ ಒಂದು ಎಚ್ಚರಿಕೆ. ಅಲ್ಲಿಯೂ ದಿನದ ಬಹುಪಾಲು ಬೇರೆಯವರ ಕೋಡ್ ಓದುವುದು, ವಿನ್ಯಾಸದ ಟಿಪ್ಪಣಿ ಬರೆಯುವುದು, ಎರಡು ತಂಡಗಳ ಜಗಳ ಬಿಡಿಸುವುದು. ಲಿನಕ್ಸ್ ಶುರು ಮಾಡಿದ ಲಿನಸ್ ಟೊರ್ವಾಲ್ಡ್ಸ್ ತಾವು ಈಗ ಕೋಡ್ ಬರೆಯುವುದಕ್ಕಿಂತ ಇಮೇಲ್ ಓದಿ ಬರೆಯುವುದೇ ಹೆಚ್ಚು ಎಂದು ಹೇಳಿಕೊಂಡಿದ್ದಾರೆ. ಸಂದರ್ಶನದಲ್ಲಿ ಕೇಳಿ: ಈ ಹುದ್ದೆಯಲ್ಲಿ ಈಗ ಇರುವವರು ಕಳೆದ ತಿಂಗಳು ಏನು ಬರೆದರು? ಉತ್ತರ ತಡವರಿಸಿದರೆ ಅರ್ಥ ಮಾಡಿಕೊಳ್ಳಿ.

ಕುಶಾಲನಗರ ಫರ್ಮ್‌ವೇರ್

ಇಲ್ಲಿಯವರೆಗೆ ಎಲ್ಲರೂ ಕಂಪನಿಯ ಬಗ್ಗೆ ಮಾತನಾಡಿದಿರಿ. ನನ್ನ ಪ್ರಕಾರ ನೋಡಬೇಕಾದದ್ದು ಕಂಪನಿಯನ್ನಲ್ಲ, ಕೋಡ್‌ನ ಆಯುಷ್ಯವನ್ನು. ಆರು ತಿಂಗಳಲ್ಲಿ ಬಿಸಾಡುವ ಮೊಬೈಲ್ ಆ್ಯಪ್‌ನ ಪರದೆ ಬರೆಯುವ ಜಾಗದಲ್ಲಿ ಹಿರಿಯರಿಗೆ ಬೆಲೆ ಇಲ್ಲ. ಇರಬೇಕಾದ ಕಾರಣವೂ ಇಲ್ಲ, ಅಲ್ಲಿ ಹಳೆಯದನ್ನು ನೆನಪಿಡುವ ಅಗತ್ಯವೇ ಬರುವುದಿಲ್ಲ. ಹದಿನೈದು ವರ್ಷ ಓಡಬೇಕಾದ, ತಪ್ಪಿದರೆ ಯಾರಿಗಾದರೂ ಪೆಟ್ಟಾಗುವ ಅಥವಾ ಹಣ ಹೋಗುವ ಕೋಡ್ ಇರುವ ಕಡೆ ನರೆತ ಕೂದಲನ್ನು ಹುಡುಕಿಕೊಂಡು ಬರುತ್ತಾರೆ.

ನನ್ನ ಕ್ಷೇತ್ರ ವಾಹನಗಳ ನಿಯಂತ್ರಣ ಘಟಕ. ಬ್ರೇಕ್‌ಗೆ ಸಂಬಂಧಿಸಿದ ತಂತ್ರಾಂಶವನ್ನು ವಾಹನ ಸುರಕ್ಷತೆಯ ಮಾನದಂಡ ಐಎಸ್ಒ 26262 ಪ್ರಕಾರ ಬರೆಯಬೇಕು, ಸಿ ಭಾಷೆಯನ್ನು ಮಿಸ್ರಾ ಎಂಬ ಸುರಕ್ಷಿತ ಕೋಡ್‌ನ ನಿಯಮಗಳ ಒಳಗೆ ಬಳಸಬೇಕು. ವೈದ್ಯಕೀಯ ಸಾಧನಗಳಿಗೆ ಐಇಸಿ 62304 ಇದೆ. ಈ ಮಾನದಂಡಗಳನ್ನು ಓದಿ ಪರೀಕ್ಷೆ ಪಾಸಾಗಬಹುದು. ಆದರೆ ವಾಚ್‌ಡಾಗ್ ಟೈಮರ್ (ತಂತ್ರಾಂಶ ಸಿಕ್ಕಿಕೊಂಡರೆ ಯಂತ್ರವನ್ನು ಮತ್ತೆ ಶುರು ಮಾಡುವುದು) ಯಾಕೆ ಚಳಿಗಾಲದ ಬೆಳಗ್ಗೆ ಮಾತ್ರ ರೀಸೆಟ್ ಮಾಡುತ್ತದೆ, ಒಂದು ವೇರಿಯಬಲ್‌ಗೆ ವೊಲಟೈಲ್ (ಮೌಲ್ಯ ಹೊರಗಿನಿಂದ ಬದಲಾಗಬಹುದು) ಎಂದು ಬರೆಯದೇ ಇದ್ದದ್ದು ಕಂಪೈಲರ್ ಬದಲಾದ ದಿನವೇ ಯಾಕೆ ಕಾಡಿತು, ಇದು ಅನುಭವಿಸಿದವರಿಗೆ ಮಾತ್ರ ಥಟ್ಟನೆ ಹೊಳೆಯುತ್ತದೆ. ನಮ್ಮ ತಂಡದಲ್ಲಿ ಐವತ್ತು ದಾಟಿದವರು ಹಲವರು ಇದ್ದಾರೆ, ಎಲ್ಲರೂ ಕೋಡ್ ಬರೆಯುತ್ತಾರೆ. ಒಂದೇ ತೊಂದರೆ, ಬೋರ್ಡ್ ಮತ್ತು ವಿದ್ಯುತ್ ಸಂಕೇತ ನೋಡುವ ಆಸಿಲೋಸ್ಕೋಪ್ ಕಚೇರಿಯಲ್ಲಿ ಇರುವುದರಿಂದ ಪೂರ್ತಿಯಾಗಿ ಮನೆಯಿಂದ ಮಾಡಲಾಗದು. ಮೈಸೂರಿಗೆ ಹೋಗಿ ಬರುತ್ತೇನೆ. ಕುಶಾಲನಗರದಿಂದ ಅದು ಆಗುವ ಮಾತು, ನಾಪೋಕ್ಲಿನಿಂದ ಕಷ್ಟ.

ನಾಪೋಕ್ಲು ಅವರೇ, ನಿಮ್ಮದು ಪಾವತಿ ವ್ಯವಸ್ಥೆ. ಕಾರ್ಡ್ ವಹಿವಾಟಿನ ಸಂದೇಶಗಳ ಮಾನದಂಡ ಐಎಸ್ಒ 8583 ಗೊತ್ತೇ?

ನಾಪೋಕ್ಲು ನಿವಾಸಿ

ಗೊತ್ತು. ಬಿಟ್‌ಮ್ಯಾಪ್ ನೋಡಿ ಯಾವ ಫೀಲ್ಡ್ ಇದೆ ಎಂದು ಹೇಳುವಷ್ಟು. ರಿವರ್ಸಲ್ (ವಹಿವಾಟು ಹಿಂತೆಗೆಯುವುದು) ಮತ್ತು ರೀಕನ್ಸಿಲಿಯೇಶನ್ (ಲೆಕ್ಕ ಹೊಂದಿಸುವುದು) ಭಾಗವನ್ನು ನಾನೇ ಬರೆದಿದ್ದೇನೆ. ಈಚೆಗೆ ಪಾವತಿ ಸಂದೇಶಗಳ ಹೊಸ ಮಾನದಂಡವಾದ ಐಎಸ್ಒ 20022ಕ್ಕೆ ಬದಲಾಯಿಸುವ ಕೆಲಸದಲ್ಲೂ ಇದ್ದೆ.

ಕುಶಾಲನಗರ ಫರ್ಮ್‌ವೇರ್

ಹಾಗಿದ್ದರೆ ನೀವು "ಜಾವಾ ಡೆವಲಪರ್, 24 ವರ್ಷ" ಎಂದು ಬಯೋಡೇಟಾ ಬರೆಯುವುದನ್ನು ಇವತ್ತೇ ನಿಲ್ಲಿಸಿ. ಜಾವಾ ಬಲ್ಲವರು ರಾಶಿ ಇದ್ದಾರೆ. ಕಾರ್ಡ್ ಸಂದೇಶ, ಎರಡು ಬಾರಿ ಹಣ ಕಡಿತವಾಗದಂತೆ ತಡೆಯುವ ಬಗೆ, ದಿನದ ಕೊನೆಯಲ್ಲಿ ಲೆಕ್ಕ ಹೊಂದಿಸುವುದು, ಇವುಗಳನ್ನು ಮೇಲೆ ಬರೆಯಿರಿ. ಬ್ಯಾಂಕುಗಳ ನಡುವಿನ ಸ್ವಿಫ್ಟ್ ಸಂದೇಶ ಜಾಲದಲ್ಲಿ ಗಡಿಯಾಚೆಗಿನ ಪಾವತಿಗೆ ಹಳೆಯ ಮಾದರಿಯ ಸಂದೇಶ ಮತ್ತು ಐಎಸ್ಒ 20022 ಜೊತೆಜೊತೆಗೆ ನಡೆಯುವ ಅವಧಿ 2025ರ ನವೆಂಬರ್‌ನಲ್ಲಿ ಮುಗಿಯಿತು. ಎರಡನ್ನೂ ಬಲ್ಲವರು ಬೇಕಾಗಿರುವ ಹೊತ್ತು ಇದು.

ಮೂರ್ನಾಡು ರಸ್ತೆ

ಇದನ್ನು ಒಪ್ಪುತ್ತೇನೆ. ಜೊತೆಗೆ ಬಯೋಡೇಟಾದಲ್ಲಿ ಪದವಿ ಪಡೆದ ವರ್ಷ ತೆಗೆದುಹಾಕಿ. ವಯಸ್ಸನ್ನು ಮುಚ್ಚಿಡುವ ಉದ್ದೇಶದಿಂದಲ್ಲ, ಮೊದಲ ಜರಡಿಯಲ್ಲೇ ಬೀಳಬಾರದು ಎಂದು. ಅಮೆರಿಕದಲ್ಲಿ ನಲವತ್ತು ದಾಟಿದವರಿಗೆ ವಯಸ್ಸಿನ ತಾರತಮ್ಯದಿಂದ ರಕ್ಷಣೆ ಕೊಡುವ ಕಾನೂನು 1967ರಿಂದ ಇದೆ. ನಮ್ಮ ಸಂವಿಧಾನದ 16ನೆಯ ವಿಧಿ ಸರ್ಕಾರಿ ನೌಕರಿಯಲ್ಲಿ ಜಾತಿ, ಧರ್ಮ, ಲಿಂಗ, ಜನ್ಮಸ್ಥಳಗಳ ಹೆಸರಿನ ತಾರತಮ್ಯ ಬೇಡವೆನ್ನುತ್ತದೆ, ಆ ಪಟ್ಟಿಯಲ್ಲಿ ವಯಸ್ಸು ಇಲ್ಲ. ಖಾಸಗಿ ಕಂಪನಿಯ ಜಾಹೀರಾತಿನಲ್ಲಿ "35ರ ಒಳಗಿನವರು" ಎಂದು ರಾಜಾರೋಷವಾಗಿ ಬರೆಯುತ್ತಾರೆ. ನನಗೆ ಇದು ಸಹಿಸಲಾಗದ ಅನ್ಯಾಯ.

ಚೆಟ್ಟಳ್ಳಿ ತೋಟ

ನಾನು ತಂತ್ರಾಂಶದವನಲ್ಲ, ಬೆಳೆಗಾರ. ಮಗ ಬೆಂಗಳೂರಿನಲ್ಲಿ ಇದೇ ಕೆಲಸದಲ್ಲಿರುವುದರಿಂದ ಓದುತ್ತಿದ್ದೇನೆ. ಒಂದು ಮಾತು ಹೇಳಲೇಬೇಕು: "ಹೇಗಿದ್ದರೂ ತೋಟ ಇದೆ" ಎಂದುಕೊಂಡು ಕೆಲಸ ಬಿಡಬೇಡಿ.

ಕಳೆದ ಕೆಲವು ವರ್ಷಗಳಲ್ಲಿ ರೋಬಸ್ಟಾ ದರ ಏರಿದ್ದನ್ನು ನೋಡಿ ಹಲವರು ಊರಿಗೆ ಬಂದರು. 50 ಕೆ.ಜಿ. ಮೂಟೆಯ ದರ ಮಾತ್ರ ಪತ್ರಿಕೆಯಲ್ಲಿ ಬರುತ್ತದೆ. ಹಣ್ಣು ಕೊಯ್ಯುವ ಕೂಲಿ, ಕೂಲಿಯವರು ಸಿಗದೆ ಹಣ್ಣು ನೆಲಕ್ಕೆ ಉದುರುವುದು, ಮೆಣಸಿಗೆ ಬರುವ ಸೊರಗು ರೋಗ, ರಾತ್ರಿ ಬಂದು ಸಾಲು ಸಾಲಾಗಿ ಗಿಡ ಮುರಿದು ಹೋಗುವ ಆನೆ ಪತ್ರಿಕೆಯಲ್ಲಿ ಬರುವುದಿಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ ಒಂದು ಇಂಚಾದರೂ ಬೀಳಬೇಕು. ಬೀಳದಿದ್ದರೆ ಸ್ಪ್ರಿಂಕ್ಲರ್ ಹಾಕಬೇಕು, ಅದಕ್ಕೆ ಕೆರೆಯಲ್ಲಿ ನೀರು ಬೇಕು, ಪಂಪಿಗೆ ಡೀಸೆಲ್ ಬೇಕು. ಹೂವಾದ ಮೇಲೆ ಬೆನ್ನಿಗೇ ಇನ್ನೊಂದು ಮಳೆ ಬೇಕು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದಾಗ ತೋಟಕ್ಕೆ ತೋಟವೇ ಹೋದವರು ನಮ್ಮ ನಡುವೆಯೇ ಇದ್ದಾರೆ. ತೋಟ ಪೂರ್ಣಾವಧಿಯ ಕೆಲಸ. ಲ್ಯಾಪ್‌ಟಾಪ್ ಪಕ್ಕದಲ್ಲಿಟ್ಟುಕೊಂಡು ನೋಡಿಕೊಳ್ಳುವುದು ಆಗದು.

ನಾಪೋಕ್ಲು ನಿವಾಸಿ

ಅಂಕಲ್, ನೀವು ಹೇಳಿದ್ದು ಸರಿ. ತೋಟವನ್ನು ಅಣ್ಣನೇ ನೋಡಿಕೊಳ್ಳುತ್ತಾರೆ. ಅದರ ಮೇಲೆ ಲೆಕ್ಕ ಹಾಕುತ್ತಿಲ್ಲ.

ಬಾಳೆಲೆ

ಎಲ್ಲ ಸರಿ, ಮಳೆಗಾಲದಲ್ಲಿ ಏನು ಮಾಡುತ್ತೀರಿ? ನಮ್ಮಲ್ಲಿ ಜೂನ್ ಬಂದರೆ ಮರ ತಂತಿಯ ಮೇಲೆ ಬಿದ್ದು ದಿನಗಟ್ಟಲೆ ಕರೆಂಟ್ ಇಲ್ಲ. ಬ್ಯಾಂಕಿನ ಸರ್ವರ್ ನಿಂತಾಗ ನೀವು ಸಿಗದಿದ್ದರೆ ಯಾವ ಪ್ರಿನ್ಸಿಪಲ್ ಎಂಜಿನಿಯರ್?

ಸುಂಟಿಕೊಪ್ಪ ನೆಟ್

ಇದಕ್ಕೆ ನಾನು ಹೇಳುತ್ತೇನೆ, ಇದೇ ನನ್ನ ಕೆಲಸ. ಫೈಬರ್ ತಂತಿಯೂ ಕರೆಂಟ್ ಕಂಬದ ಮೇಲೆಯೇ ಹೋಗುತ್ತದೆ. ಮರ ಬಿದ್ದರೆ ಎರಡೂ ಒಟ್ಟಿಗೆ ಹೋಗುತ್ತವೆ. ಹಾಗಾಗಿ ಎರಡನೆಯ ಸಂಪರ್ಕ ಇನ್ನೊಂದು ಫೈಬರ್ ಆಗಿದ್ದರೆ ಪ್ರಯೋಜನವಿಲ್ಲ. ಮನೆಯ ಮಾಡಿನ ಮೇಲೆ ಆ್ಯಂಟೆನಾ ಇಟ್ಟು ಬೇರೆ ಕಂಪನಿಯ 4ಜಿ ಹಿಡಿಯಿರಿ. ಟವರಿಗೂ ಡೀಸೆಲ್ ಮುಗಿಯುತ್ತದೆ, ಅದನ್ನೂ ಗಮನದಲ್ಲಿಡಿ. ಮನೆಯಲ್ಲಿ ಲಿಥಿಯಂ ಬ್ಯಾಟರಿ ಹಾಕಿ. ಫ್ರಿಜ್ ಜೊತೆ ಸೇರಿಸಬೇಡಿ, ರೂಟರ್, ಲ್ಯಾಪ್‌ಟಾಪ್ ಮತ್ತು ಒಂದು ದೀಪಕ್ಕೆ ಮಾತ್ರ. ಅಷ್ಟಕ್ಕೆ ಸಾಧಾರಣ ಬ್ಯಾಟರಿಯೇ ಇಡೀ ದಿನ ಬರುತ್ತದೆ. ಕಡೆಯ ಉಪಾಯವಾಗಿ ಕುಶಾಲನಗರ ಅಥವಾ ಮೈಸೂರಿನಲ್ಲಿ ನೆಂಟರ ಮನೆಯಲ್ಲಿ ಒಂದು ಮೇಜು.

ಬಾಳೆಲೆ

ನಮ್ಮ ಕಡೆ ಒಂದು ಕಂಪನಿಯದ್ದೂ 4ಜಿ ಸರಿಯಾಗಿ ಇಲ್ಲ. ಎತ್ತರದ ಜಾಗಕ್ಕೆ ಹೋಗಿ ಫೋನ್ ಮಾಡುತ್ತೇವೆ.

ಸುಂಟಿಕೊಪ್ಪ ನೆಟ್

ಹಾಗಿದ್ದರೆ ಮಳೆಗಾಲದಲ್ಲಿ ತುರ್ತು ಕರೆಗೆ ಹೊಣೆಯಾಗುವ ಕೆಲಸ ಒಪ್ಪಿಕೊಳ್ಳಲೇಬೇಡಿ. ಮುಂಚೆಯೇ ಹೇಳಿ: ಜೂನ್‌ನಿಂದ ಆಗಸ್ಟ್‌ವರೆಗೆ ನನ್ನ ಸರದಿ ಬೇಡ, ಉಳಿದ ತಿಂಗಳುಗಳಲ್ಲಿ ಹೆಚ್ಚು ತೆಗೆದುಕೊಳ್ಳುತ್ತೇನೆ. ದೀಪಾವಳಿ, ಕ್ರಿಸ್ಮಸ್ ರಜೆಯಲ್ಲಿ ಸರದಿ ವಹಿಸಿಕೊಂಡರೆ ತಂಡದವರೇ ಸಂತೋಷದಿಂದ ಒಪ್ಪುತ್ತಾರೆ.

ಪೊನ್ನಂಪೇಟೆ ವಿದ್ಯಾರ್ಥಿ

ಸರ್, ಮೇಡಂ, ನಾನು ಕಂಪ್ಯೂಟರ್ ಸೈನ್ಸ್ ಕೊನೆಯ ವರ್ಷ. ನಮಗೆ ಕ್ಯಾಂಪಸ್ ನೇಮಕಾತಿಯೇ ಕಡಿಮೆಯಾಗಿದೆ. ಕೃತಕ ಬುದ್ಧಿಮತ್ತೆ ಬಂದು ಹೊಸಬರ ಕೆಲಸವನ್ನು ಮಾಡುತ್ತಿದೆ ಎನ್ನುತ್ತಾರೆ. ಹಿರಿಯರೂ ಕೋಡ್ ಬರೆಯುತ್ತಲೇ ಕುಳಿತರೆ ನಮಗೆ ಜಾಗ ಎಲ್ಲಿ? ತಪ್ಪಾಗಿ ತಿಳಿಯಬೇಡಿ, ನಿಜವಾಗಿ ಕೇಳುತ್ತಿದ್ದೇನೆ.

ಸೋಮವಾರಪೇಟೆ ಅಕ್ಕ

ತಪ್ಪು ತಿಳಿಯುವಂತಹದ್ದು ಏನೂ ಇಲ್ಲ. ಒಳ್ಳೆಯ ಪ್ರಶ್ನೆ. ಕೋಡ್ ಬರೆಯುವ ಹಿರಿಯರು ತಂಡದಲ್ಲಿ ಇದ್ದರೆ ಹೊಸಬರಿಗೆ ಕಲಿಯಲು ಜಾಗ ಹೆಚ್ಚಾಗುತ್ತದೆ ಹೊರತು ಕಡಿಮೆಯಾಗುವುದಿಲ್ಲ. ನಾನು ಮರಳಿ ಸೇರಿದಾಗ ನನ್ನ ಕೋಡ್‌ನ ಪ್ರತಿ ಸಾಲನ್ನೂ ಓದಿ, ಇದು ಯಾಕೆ ಹೀಗೆ ಎಂದು ಕೇಳಿದವರು ನನಗಿಂತ ಹಿರಿಯರೊಬ್ಬರು. ಅವರು ಮ್ಯಾನೇಜರ್ ಆಗಿಬಿಟ್ಟಿದ್ದರೆ ನನಗೆ ಯಾರು ಹೇಳಿಕೊಡುತ್ತಿದ್ದರು?

ಯಂತ್ರ ಬರೆದುಕೊಟ್ಟ ಕೋಡ್ ನಾನೂ ಬಳಸುತ್ತೇನೆ. ಅದು ನೋಡಲು ಚೊಕ್ಕಟವಾಗಿರುತ್ತದೆ, ಪರೀಕ್ಷೆಯನ್ನೂ ಪಾಸಾಗುತ್ತದೆ. ಇಬ್ಬರು ಒಂದೇ ಕ್ಷಣದಲ್ಲಿ ಒಂದೇ ಖಾತೆಯನ್ನು ಮುಟ್ಟಿದರೆ ಏನಾಗುತ್ತದೆ ಎಂದು ಅದನ್ನು ಕೇಳಬೇಕು ಎಂಬ ಯೋಚನೆ ಬರಬೇಕಾದದ್ದು ನಮಗೆ. ಆ ಯೋಚನೆ ಬರುವಂತೆ ಕಲಿಯಿರಿ.

ಗೋಣಿಕೊಪ್ಪದ ಹಳಬ

ಎಕ್ಸ್‌ಝಡ್ ಎಂಬ ಫೈಲ್ ಕುಗ್ಗಿಸುವ ತಂತ್ರಾಂಶದ ಪ್ರಕರಣ ನೆನಪಿದೆಯೇ? 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯಂಡ್ ಎಂಬ ಪೋಸ್ಟ್‌ಗ್ರೆಸ್ ಡೇಟಾಬೇಸ್ ಅಭಿವೃದ್ಧಿಕಾರರು ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಪ್ರವೇಶಿಸುವ ಬಗೆ) ಲಾಗಿನ್ ಸುಮಾರು ಅರ್ಧ ಸೆಕೆಂಡ್ ನಿಧಾನವಾಗಿದೆ ಎಂದು ಬೆನ್ನು ಹತ್ತಿದರು. ಜಗತ್ತಿನ ಅಸಂಖ್ಯ ಲಿನಕ್ಸ್ ಯಂತ್ರಗಳಿಗೆ ಹೋಗಲಿದ್ದ ಕಳ್ಳಬಾಗಿಲು ಅದರಿಂದ ಸಿಕ್ಕಿಬಿತ್ತು. ಅನುಭವ ಎಂದರೆ ಅದು.

ಮೂರ್ನಾಡು ರಸ್ತೆ

ಮತ್ತೆ ಆಕ್ಷೇಪ! ಫ್ರಾಯಂಡ್ ವಯಸ್ಸಾದವರಲ್ಲ. ಅಲ್ಲಿ ಗೆದ್ದದ್ದು ವಯಸ್ಸಲ್ಲ, ಬಿಡದೆ ಹುಡುಕುವ ಗುಣ ಮತ್ತು ತನ್ನ ಯಂತ್ರ ಸಾಮಾನ್ಯವಾಗಿ ಎಷ್ಟು ವೇಗ ಎಂಬ ತಿಳಿವು. ಇಪ್ಪತ್ತೈದು ವರ್ಷ ಒಂದೇ ಕೆಲಸ ಮಾಡಿ ಏನೂ ಗಮನಿಸದವರನ್ನೂ ನಾನು ಕಂಡಿದ್ದೇನೆ. ಹಿರಿಯರು ಎಂಬ ಒಂದೇ ಕಾರಣಕ್ಕೆ ಗೌರವ ಕೇಳುವ ದಾರಿ ಹಿಡಿದರೆ ನಾವು ಸೋಲುತ್ತೇವೆ.

ಗೋಣಿಕೊಪ್ಪದ ಹಳಬ

ಆಯಿತು, ಆ ಮಾತು ಒಪ್ಪಬೇಕಾದದ್ದೇ. ಆದರೆ ಎಕ್ಸ್‌ಝಡ್ ಕಥೆಯ ಇನ್ನೊಂದು ಪಾತ್ರವನ್ನು ಯಾರೂ ಹೇಳುವುದಿಲ್ಲ: ಅದನ್ನು ವರ್ಷಗಟ್ಟಲೆ ಒಬ್ಬರೇ, ಸಂಬಳವಿಲ್ಲದೆ ನೋಡಿಕೊಂಡು ದಣಿದಿದ್ದ ನಿರ್ವಾಹಕ. ಆ ದಣಿವನ್ನೇ ಬಳಸಿಕೊಂಡು ಕಳ್ಳ ಒಳಗೆ ಬಂದ. ನನ್ನಂತಹ ನಿವೃತ್ತರು ವಾರಕ್ಕೆ ಕೆಲವು ತಾಸು ಅಂತಹ ಯೋಜನೆಗಳ ದೋಷವರದಿ ಓದಿ ಕೊಟ್ಟರೂ ದೊಡ್ಡ ಉಪಕಾರ. ಹಣ ಬರುವುದಿಲ್ಲ, ಕೈ ಮಾತ್ರ ತುಕ್ಕು ಹಿಡಿಯುವುದಿಲ್ಲ.

ಮಡಿಕೇರಿ ಲೆಕ್ಕ

ಸ್ವತಂತ್ರವಾಗಿ ಗುತ್ತಿಗೆ ಕೆಲಸಕ್ಕೆ ಇಳಿಯುವ ಯೋಚನೆ ಇದ್ದರೆ ಇದನ್ನು ಓದಿ. ಸೇವೆಗಳ ವಾರ್ಷಿಕ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಗ್ರಾಹಕರು ವಿದೇಶದಲ್ಲಿದ್ದು ಹಣ ವಿದೇಶಿ ವಿನಿಮಯದಲ್ಲಿ ಬಂದರೆ ಅದು ರಫ್ತು, ತೆರಿಗೆ ಶೂನ್ಯ ದರ. ಆದರೆ ಮೊದಲು ತೆರಿಗೆ ಕಟ್ಟದೆ ಬಿಲ್ ಮಾಡಲು ಪ್ರತಿ ಹಣಕಾಸು ವರ್ಷವೂ ಎಲ್‌ಯುಟಿ ಎಂಬ ಮುಚ್ಚಳಿಕೆ ಸಲ್ಲಿಸಬೇಕು. ತೋಟದ ಆದಾಯವೂ ಇರುವುದರಿಂದ ಎರಡರ ಲೆಕ್ಕವನ್ನೂ ಒಬ್ಬರೇ ಲೆಕ್ಕಪರಿಶೋಧಕರ ಮುಂದೆ ಇಡಿ.

ಇದಕ್ಕಿಂತ ಮುಖ್ಯವಾದದ್ದು ಆರೋಗ್ಯ ವಿಮೆ. ಕಂಪನಿಯ ವಿಮೆ ಕೆಲಸ ಬಿಟ್ಟ ದಿನ ನಿಲ್ಲುತ್ತದೆ. ಬಿಪಿ, ಸಕ್ಕರೆ ಕಾಯಿಲೆ ಮೊದಲೇ ಇದ್ದರೆ ಹೊಸ ಪಾಲಿಸಿಯಲ್ಲಿ ಕಾಯುವ ಅವಧಿ ಇರುತ್ತದೆ. 2024ರ ನಿಯಮದಂತೆ ಅದು ಗರಿಷ್ಠ 36 ತಿಂಗಳು. ಕೆಲಸದಲ್ಲಿ ಇರುವಾಗಲೇ ಸ್ವಂತ ಪಾಲಿಸಿ ತೆಗೆದುಕೊಂಡರೆ ಆ ಅವಧಿ ಕಂಪನಿಯ ವಿಮೆಯ ನೆರಳಿನಲ್ಲೇ ಕಳೆದುಹೋಗುತ್ತದೆ. ಭವಿಷ್ಯ ನಿಧಿಯನ್ನು ಒಡೆಯಬೇಡಿ. ಹತ್ತು ವರ್ಷ ಸೇವೆಯಾಗಿದ್ದರೆ 58ಕ್ಕೆ ಪಿಂಚಣಿ ಬರುತ್ತದೆ, ಮೊತ್ತ ದೊಡ್ಡದಲ್ಲ, ಆದರೂ ನಿಮ್ಮದು.

ವಿರಾಜಪೇಟೆ ಓದುಗ

ಕಣ್ಣಿನ ಬಗ್ಗೆ ಯಾರೂ ಹೇಳಲಿಲ್ಲ. ನಲವತ್ತು ದಾಟಿದ ಮೇಲೆ ಹತ್ತಿರದ ಓದಿಗೆ ಒಂದು, ದೂರಕ್ಕೆ ಒಂದು ಕನ್ನಡಕ ಕೊಡುತ್ತಾರೆ. ಪರದೆ ಇರುವುದು ಇವೆರಡರ ನಡುವಿನ ದೂರದಲ್ಲಿ. ಪ್ರೊಗ್ರೆಸಿವ್ ಲೆನ್ಸ್ ಹಾಕಿಕೊಂಡು ಪರದೆ ನೋಡಲು ದಿನವಿಡೀ ಗಲ್ಲ ಎತ್ತಿಕೊಂಡು ಕೂತು ಕುತ್ತಿಗೆ ನೋವು ತರಿಸಿಕೊಂಡವರು ಬಹಳ. ವೈದ್ಯರಿಗೆ ಪರದೆ ಎಷ್ಟು ದೂರ ಎಂದು ಅಳೆದು ಹೇಳಿ, ಅದಕ್ಕೇ ಬೇರೆ ಕನ್ನಡಕ ಮಾಡಿಸಿ. ಅಕ್ಷರದ ಗಾತ್ರ ದೊಡ್ಡದು ಮಾಡಲು ಸಂಕೋಚ ಬೇಡ.

ಕಕ್ಕಬ್ಬೆ ಕಡೆಯವ

ಇದು ನಿಜಕ್ಕೂ ಉಪಯೋಗದ ಮಾತು.

ಕೊಡಗಿನ ಕನ್ನಡಿಗ

ಊರಿನಲ್ಲೇ ಇದ್ದು ಊರಿಗೆ ಬೇಕಾದ ತಂತ್ರಾಂಶವನ್ನೇ ಯಾಕೆ ಬರೆಯಬಾರದು? ಮಂಗಳೂರು ಕಡೆಯವರಾದ ಕೆ.ಪಿ. ರಾವ್ 1940ರಲ್ಲಿ ಹುಟ್ಟಿದವರು. ಇವತ್ತು ನಮ್ಮಲ್ಲಿ ಹಲವರು ಕಂಪ್ಯೂಟರಿನಲ್ಲಿ ಕನ್ನಡ ಒತ್ತುವ ಕೀಲಿಮಣೆಯ ವಿನ್ಯಾಸ ಅವರದ್ದು. ಅಂತಹ ಹಿರಿಯರಿಂದಲೇ ಕನ್ನಡಕ್ಕೆ ಕೆಲಸವಾಗಿದೆ. ನಮ್ಮಲ್ಲಿ ಬೆಳೆಗಾರರು ತಲೆಮಾರುಗಳಿಂದ ಮಳೆಯ ಲೆಕ್ಕವನ್ನು ಡೈರಿಯಲ್ಲಿ ಇಂಚಿನಲ್ಲಿ ಬರೆದಿಟ್ಟಿದ್ದಾರೆ. ಅದನ್ನು ಒಟ್ಟುಗೂಡಿಸಿ ಊರಿಂದ ಊರಿಗೆ ಮಳೆ ಹೇಗೆ ಬದಲಾಗಿದೆ ಎಂದು ತೋರಿಸಬಹುದು. ಒಣಗಿದ ಕಾಫಿ ಚೆರಿಯಿಂದ ಎಷ್ಟು ಬೇಳೆ ಬರುತ್ತದೆ ಎಂಬ ಔಟ್‌ಟರ್ನ್ ಲೆಕ್ಕಕ್ಕೆ ಸಣ್ಣ ಬೆಳೆಗಾರರಿಗೆ ಒಳ್ಳೆಯ ಸಾಧನವಿಲ್ಲ. ವ್ಯಾಪಾರಿ ಹೇಳಿದ್ದೇ ಲೆಕ್ಕ.

ಚೆಟ್ಟಳ್ಳಿ ತೋಟ

ಔಟ್‌ಟರ್ನ್ ವಿಷಯ ನಿಜ. ಮಾದರಿ ತೆಗೆದು, ಸುಲಿದು, ತೂಗಿ ನೋಡುವುದು ಕಣ್ಣೆದುರೇ ನಡೆಯಬೇಕು. ತೇವಾಂಶವನ್ನೂ ಅಳೆಯಬೇಕು. ಬರೀ ಮೊಬೈಲ್ ಲೆಕ್ಕ ಹಾಕಿದರೆ ಸಾಲದು.

ಮೂರ್ನಾಡು ರಸ್ತೆ

ಆಸೆ ಒಳ್ಳೆಯದು. ಆದರೆ ಇದಕ್ಕೆ ಹಣ ಯಾರು ಕೊಡುತ್ತಾರೆ? ಸಣ್ಣ ಬೆಳೆಗಾರ ತಿಂಗಳಿಗೆ ನೂರು ರೂಪಾಯಿ ಕೊಡಲೂ ಎರಡು ಬಾರಿ ಯೋಚಿಸುತ್ತಾನೆ, ಯೋಚಿಸಬೇಕಾದದ್ದೇ. ನಾಪೋಕ್ಲು ಅವರಿಗೆ ಈಗ ಬೇಕಿರುವುದು ಸಂಬಳ.

ಕೊಡಗಿನ ಕನ್ನಡಿಗ

ಎಲ್ಲವನ್ನೂ ಸಂಬಳದಿಂದ ಅಳೆದರೆ ಊರಿಗೆ ಏನು ಉಳಿಯುತ್ತದೆ? ಪೂರ್ಣಾವಧಿ ಎಂದು ನಾನು ಹೇಳಲಿಲ್ಲ. ಹಳಬರು ಹೇಳಿದ ವಾರದ ಕೆಲವು ತಾಸು ಇದಕ್ಕೂ ಸಲ್ಲಬಹುದು. ಪೊನ್ನಂಪೇಟೆಯ ಆ ಹುಡುಗನನ್ನೂ ಸೇರಿಸಿಕೊಳ್ಳಿ. ಅವನಿಗೆ ತೋರಿಸಲು ಒಂದು ನಿಜವಾದ ಕೆಲಸ ಸಿಗುತ್ತದೆ.

ಪೊನ್ನಂಪೇಟೆ ವಿದ್ಯಾರ್ಥಿ

ನಾನು ತಯಾರಿದ್ದೇನೆ ಸರ್. ನಮ್ಮ ಅಜ್ಜನ ಮಳೆ ಡೈರಿ ಮನೆಯಲ್ಲೇ ಇದೆ. ಇಂಚು, ಸೆಂಟ್ಸ್ (ಇಂಚಿನ ನೂರನೆಯ ಒಂದು ಭಾಗ) ಎಂದು ಬರೆದಿದ್ದಾರೆ. ಕೆಲವು ಪುಟಗಳನ್ನು ಗೆದ್ದಲು ತಿಂದಿದೆ.

ಗೋಣಿಕೊಪ್ಪದ ಹಳಬ

ಡೈರಿಯ ಪುಟಗಳ ಫೋಟೊ ತೆಗೆದು ಇಡಪ್ಪ, ಗೆದ್ದಲು ಉಳಿದದ್ದನ್ನೂ ತಿನ್ನುವ ಮೊದಲು. ನನಗೆ ಸಂದೇಶ ಕಳುಹಿಸು, ಒಟ್ಟಿಗೆ ಕೂರೋಣ. ಪೈಥಾನ್ ನನಗೆ ನೀನು ಕಲಿಸಬೇಕಾಗಬಹುದು.

ನಾಪೋಕ್ಲು ನಿವಾಸಿ

ಎಲ್ಲರಿಗೂ ಧನ್ಯವಾದ. ಎಲ್ಲವನ್ನೂ ಓದಿದೆ, ಹೆಂಡತಿಗೂ ಓದಿ ಹೇಳಿದೆ. ಮ್ಯಾನೇಜರ್ ಹುದ್ದೆಗೆ ಒಪ್ಪುವುದಿಲ್ಲ ಎಂದು ನಿರ್ಧರಿಸಿದ್ದೇನೆ. ತಕ್ಷಣ ರಾಜೀನಾಮೆಯನ್ನೂ ಕೊಡುವುದಿಲ್ಲ. ಬಯೋಡೇಟಾ ಹೊಸದಾಗಿ ಬರೆಯುತ್ತಿದ್ದೇನೆ, ಜಾವಾ ಕೆಳಗೆ ಹೋಗಿದೆ, ಪಾವತಿಯ ಕೆಲಸ ಮೇಲೆ ಬಂದಿದೆ. ಅಮ್ಮನನ್ನೂ ಸೇರಿಸಿ ಸ್ವಂತ ವಿಮೆಯ ಬಗ್ಗೆ ವಿಚಾರಿಸಲು ಮಡಿಕೇರಿಗೆ ಹೋಗುತ್ತೇನೆ.

ಒಂದು ಪ್ರಶ್ನೆ ಉಳಿದಿದೆ. ಹೊಸ ಕಂಪನಿ ಸಂಬಳ ಕಡಿಮೆ ಹೇಳಿದರೆ ಎಷ್ಟರವರೆಗೆ ಒಪ್ಪಬಹುದು?

ಸೋಮವಾರಪೇಟೆ ಅಕ್ಕ

ನಾನು ಸೇರುವಾಗ ಕಡಿಮೆಗೇ ಒಪ್ಪಿದೆ, ಎರಡನೆಯ ವರ್ಷದಲ್ಲಿ ಸರಿಹೋಯಿತು. ನಿಮಗೆ ಹಾಗೆ ಬಿಡುವು ಬಿದ್ದಿಲ್ಲ, ಹಾಗಾಗಿ ನೀವಾಗಿ ಇಳಿಸಬೇಡಿ. ಈಗಿನ ಸಂಬಳ ಎಷ್ಟು ಎಂದು ಅವರು ಕೇಳುವ ಮೊದಲು ಈ ಹುದ್ದೆಗೆ ಎಷ್ಟು ಇಟ್ಟಿದ್ದೀರಿ ಎಂದು ನೀವೇ ಕೇಳಿ.

ಮೂರ್ನಾಡು ರಸ್ತೆ

ಮನೆಯಿಂದ ಕೆಲಸ ಮಾಡುವ ವಿಷಯವನ್ನು ಬರೀ ಮಾತಿನಲ್ಲಿ ಒಪ್ಪಿಕೊಳ್ಳಬೇಡಿ, ನೇಮಕಾತಿ ಪತ್ರದಲ್ಲೇ ಬರೆಸಿಕೊಳ್ಳಿ. ಸಂಬಳ ಸ್ವಲ್ಪ ಬಿಟ್ಟುಕೊಟ್ಟರೂ ಅದನ್ನು ಬಿಟ್ಟುಕೊಡಬೇಡಿ. ವರ್ಷ ಕಳೆದ ಮೇಲೆ ಎಲ್ಲರೂ ಬೆಂಗಳೂರಿಗೆ ಬನ್ನಿ ಎಂದು ಒಂದು ಇಮೇಲ್ ಬಂದು ಊರು ಬಿಟ್ಟವರು ನನ್ನ ಬೀದಿಯಲ್ಲೇ ಇದ್ದಾರೆ.

ಸುಂಟಿಕೊಪ್ಪ ನೆಟ್

ಬಾಳೆಲೆಯವರೇ, ನಿಮ್ಮ ಮನೆಯಿಂದ ಯಾವ ದಿಕ್ಕಿಗೆ ಗುಡ್ಡ ಅಡ್ಡ ಇದೆ ಎಂದು ತಿಳಿಸಿ. ಆ್ಯಂಟೆನಾ ಎಲ್ಲಿ ಇಡಬಹುದು ಎಂದು ನೋಡೋಣ.